ಡೋಣಿಯ ಸೇತುವೆಗಳೂ ಹವಾಮಾನದ ಸಂಕಲ್ಪಗಳೂ

ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬ ಗಾದೆಯನ್ನು ಕೇಳದ ಮನೆ ವಿಜಯಪುರ ಸೀಮೆಯಲ್ಲಿ ಇರಲಾರದು. ಹೊಳೆಯ ಎರಡೂ ದಂಡೆಗಳ ಎರೆಭೂಮಿಯಲ್ಲಿ ಹಿಂಗಾರಿ ಜೋಳವು ಆಳೆತ್ತರ ಬೆಳೆದು ನಿಂತಾಗ ಆ ಗಾದೆಯ ಸತ್ಯವು ಕಣ್ಣಿಗೆ ಕಾಣುತ್ತದೆ. ಆದರೆ ಅದೇ ಡೋಣಿಯು ಒಂದು ರಾತ್ರಿಯ ಬಿರುಮಳೆಗೆ ದಂಡೆ ಮೀರಿ ಹೊಲಗಳಲ್ಲಿ ಹರಡಿ, ದಾರಿಗಳನ್ನು ನುಂಗಿ, ಊರಿನಿಂದ ಊರನ್ನು ಅಗಲಿಸಿದಾಗ ಜನರ ಬಾಯಲ್ಲಿ ಬರುವುದು ಸೇತುವೆಯ ಮಾತು. ಆಸ್ಪತ್ರೆಗೆ ಹೊರಟ ಬಸುರಿಯೂ, ಪರೀಕ್ಷೆಗೆ ಹೊರಟ ವಿದ್ಯಾರ್ಥಿಯೂ, ಪೇಟೆಗೆ ಮಾಲು ತಂದ ಒಕ್ಕಲಿಗನೂ ಆಗ ಕೇಳುವ ಪ್ರಶ್ನೆ ಒಂದೇ: ದಾಟಬಹುದೆ? ಈ ಪ್ರಶ್ನೆಗೆ ಮಳೆಗಾಲಕ್ಕೆ ಮುಂಚೆಯೇ ಉತ್ತರವನ್ನು ಸಿದ್ಧಪಡಿಸಿಟ್ಟುಕೊಳ್ಳತಕ್ಕವರು ಯಾರೆಂಬುದನ್ನು ನಮ್ಮ ವಾಚಕರ, ವಿಶೇಷವಾಗಿ ಅಧಿಕಾರಸ್ಥಾನದಲ್ಲಿರುವ ವಾಚಕರ, ವಿಚಾರಕ್ಕೆ ತರಬಯಸುತ್ತೇವೆ.

ಡೋಣಿಯು ಮಹಾರಾಷ್ಟ್ರದ ಜತ್ತ ತಾಲೂಕಿನಲ್ಲಿ ಹುಟ್ಟಿ, 2018ರಲ್ಲಿ ಹೊಸ ತಾಲೂಕುಗಳಾದ ತಿಕೋಟಾ, ಬಬಲೇಶ್ವರಗಳನ್ನು ಹಾಯ್ದು, ತಾಳಿಕೋಟೆಯ ಮಗ್ಗುಲಲ್ಲಿ ಹರಿದು ಕೃಷ್ಣೆಯನ್ನು ಕೂಡುತ್ತದೆ. ವಿಜಯಪುರದಿಂದ ಬಬಲೇಶ್ವರಕ್ಕೆ ಹೋಗುವ ದಾರಿಯು ಸಾರವಾಡದ ಬಳಿ ಇದನ್ನು ದಾಟುತ್ತದೆ. ತಾಳಿಕೋಟೆಯ ಹತ್ತಿರದ ತಗ್ಗು ಸೇತುವೆಯು ಎಷ್ಟೋ ಮಳೆಗಾಲಗಳಲ್ಲಿ ನೀರಿನಡಿ ಮುಳುಗಿ ಸಂಚಾರ ನಿಂತದ್ದುಂಟು. ಬೇಸಗೆಯಲ್ಲಿ ನೋಡಿದವರಿಗೆ ಇದು ಉಪ್ಪುನೀರಿನ ಸಣ್ಣ ಹಳ್ಳವಾಗಿ ಕಾಣುವುದು. ಆದರೆ ಪಾತ್ರದ ತುಂಬ ಹೂಳು ಕೂತಿದೆ, ದಂಡೆಯ ತುಂಬ ಜಾಲಿ ಬೆಳೆದಿದೆ. ಆದುದರಿಂದ ಸ್ವಲ್ಪ ನೀರು ಹೆಚ್ಚಾದರೂ ಅದು ಆಳಕ್ಕಿಳಿಯದೆ ಅಗಲಕ್ಕೆ ಹರಿಯುತ್ತದೆ.

ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಈ ಸೀಮೆಗೆ ಬರವು ಹೊಸತಲ್ಲ. 1876ರಿಂದ 1878ರವರೆಗಿನ ಭೀಕರ ಕ್ಷಾಮದ ನೆನಪು ಇಲ್ಲಿ ಇನ್ನೂ ಅಳಿದಿಲ್ಲ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ತಾಲೂಕುಗಳನ್ನು ಬರಪೀಡಿತವೆಂದು ಸರಕಾರವು ಸಾರಿತು. ಆದರೆ 2009ರ ಸೆಪ್ಟೆಂಬರ ಕೊನೆಯಲ್ಲಿ ಇದೇ ಉತ್ತರ ಕರ್ನಾಟಕವು ಮಹಾಮಳೆಗೆ ಸಿಕ್ಕಿ ನೂರಾರು ಜೀವಗಳನ್ನು ಕಳೆದುಕೊಂಡಿತು. 2020ರ ಅಕ್ಟೋಬರದಲ್ಲಿ ಭೀಮೆಯು ಉಕ್ಕಿ ಊರುಗಳನ್ನು ಸುತ್ತುವರಿಯಿತು. ಗಾಳಿಯು ಒಂದು ಅಂಶ ಹೆಚ್ಚು ಕಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದೆಂದು ಶಾಸ್ತ್ರಜ್ಞರು ಹೇಳುತ್ತಾರೆ. ಅದರ ಅರ್ಥವನ್ನು ನಮ್ಮ ರೈತನು ಪುಸ್ತಕವಿಲ್ಲದೆಯೇ ಬಲ್ಲನು: ಮಳೆಯು ತಡೆದಾಗ ಬಹುಕಾಲ ತಡೆಯುತ್ತದೆ, ಬಂದಾಗ ಒಮ್ಮೆಲೆ ಬಂದು ಬೀಳುತ್ತದೆ. ಹಳೆಯ ಲೆಕ್ಕದ ಮಳೆಗೆಂದು ಕಟ್ಟಿದ ಸೇತುವೆಗಳು ಹೊಸ ಲೆಕ್ಕದ ಮಳೆಯನ್ನು ಎದುರಿಸಬೇಕಾದ ಕಾಲ ಬಂದಿದೆ.

ಹವಾಮಾನದ ವಿಷಯದಲ್ಲಿ ನಮ್ಮ ದೇಶದ ಸಂಕಲ್ಪಗಳು ಸಣ್ಣವಲ್ಲ. 2070ರ ಹೊತ್ತಿಗೆ ಇಂಗಾಲದ ಹೊರೆಯನ್ನು ನಿವ್ವಳ ಶೂನ್ಯಕ್ಕಿಳಿಸುವೆವೆಂದು 2021ರಲ್ಲಿ ಗ್ಲಾಸ್ಗೋ ಪಟ್ಟಣದಲ್ಲಿ ಭಾರತವು ಜಗತ್ತಿಗೆ ಮಾತು ಕೊಟ್ಟಿತು. 2030ರೊಳಗೆ ಕಾಡು ಮತ್ತು ಮರಗಳನ್ನು ಹೆಚ್ಚಿಸಿ 250ರಿಂದ 300 ಕೋಟಿ ಟನ್ನು ಇಂಗಾಲಾಮ್ಲವನ್ನು ಹೀರಿಸುವುದೂ ನಮ್ಮ ವಚನಗಳಲ್ಲಿ ಒಂದು. 2023ರ ನವೆಂಬರದಲ್ಲಿ ಬೆಂಗಳೂರು ನಗರಕ್ಕೊಂದು ಹವಾಮಾನ ಕಾರ್ಯಯೋಜನೆಯು ಪ್ರಕಟವಾಯಿತು. ಕಾಡು ಶೇಕಡಾ 1ಕ್ಕೂ ಕಡಿಮೆ ಇರುವ ವಿಜಯಪುರ ಜಿಲ್ಲೆಯಲ್ಲಿ 2016ರಲ್ಲಿ ಆರಂಭವಾದ ಕೋಟಿ ವೃಕ್ಷ ಅಭಿಯಾನವು ಮೆಚ್ಚತಕ್ಕ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹವಾಮಾನವೆಂದೊಡನೆ ನಮ್ಮ ಸಭೆಗಳಲ್ಲಿ ಗಿಡದ ಮಾತು ಬರುತ್ತದೆ, ಸೂರ್ಯಶಕ್ತಿಯ ಮಾತು ಬರುತ್ತದೆ. ಸೇತುವೆಯ ಮಾತು ಬರುವುದು ಅಪರೂಪ. ಇದನ್ನು ನಾವು ದೊಡ್ಡ ಕೊರತೆಯೆಂದು ಎಣಿಸುತ್ತೇವೆ.

ಸೇತುವೆಗೂ ಇಂಗಾಲಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಜಗತ್ತು ಹೊರಬಿಡುವ ಇಂಗಾಲಾಮ್ಲದಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನ ತಯಾರಿಕೆಯಿಂದ ಬರುತ್ತದೆ. ಉಕ್ಕಿನ ಪಾಲೂ ಅದಕ್ಕೆ ಕಡಿಮೆಯಿಲ್ಲ. ಅಂದ ಮೇಲೆ, ಇದ್ದ ಸೇತುವೆಯನ್ನು ಚೆನ್ನಾಗಿ ನೋಡಿಕೊಂಡು ಅದರ ಆಯುಷ್ಯಕ್ಕೆ ಇಪ್ಪತ್ತು ವರ್ಷ ಕೂಡಿಸಿದ ಇಂಜಿನಿಯರನು ಅಷ್ಟು ಕಾಲದ ಸಿಮೆಂಟನ್ನೂ ಉಕ್ಕನ್ನೂ ಬೆಂಕಿಯನ್ನೂ ಉಳಿಸಿದಂತಾಯಿತು. ಸೇತುವೆಯು ಮುರಿದು ದಾರಿ ಮುಚ್ಚಿದಾಗ ಸುತ್ತುಬಳಸಿ ಓಡುವ ಲಾರಿ ಬಸ್ಸುಗಳು ಸುಡುವ ಎಣ್ಣೆಯ ಲೆಕ್ಕವು ಬೇರೆ. ನೆಟ್ಟ ಗಿಡವನ್ನು ಉಳಿಸುವುದು, ಕಟ್ಟಿದ ಸೇತುವೆಯನ್ನು ಉಳಿಸುವುದು, ಇವೆರಡೂ ಒಂದೇ ಧರ್ಮದ ಎರಡು ಆಚರಣೆಗಳು. ಎರಡಕ್ಕೂ ಬೇಕಾದದ್ದು ಉದ್ಘಾಟನೆಯ ದಿನದ ಉತ್ಸಾಹಕ್ಕಿಂತ ಮುಂದಿನ ವರ್ಷಗಳ ತಾಳ್ಮೆ.

ಸೇತುವೆಯು ಒಂದೇ ದಿನದಲ್ಲಿ ಬೀಳುವುದಿಲ್ಲ. ಮೊದಲು ಮೇಲಿನ ನೀರು ಇಳಿಯುವ ತೂಬುಗಳು ಮಣ್ಣು ತುಂಬಿ ಮುಚ್ಚುತ್ತವೆ. ನಿಂತ ನೀರು ಸಂದುಗಳಲ್ಲಿ ಇಳಿದು ಒಳಗಿನ ಕಬ್ಬಿಣವನ್ನು ತಿನ್ನುತ್ತದೆ. ಡೋಣಿಯಂಥ ಉಪ್ಪಿನ ಹೊಳೆಯಲ್ಲಿ ಈ ತುಕ್ಕು ಇನ್ನೂ ಬೇಗ ಹಿಡಿಯುವ ಭಯವುಂಟು. ಎರೆಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುವುದರಿಂದ ಸೇತುವೆಗೆ ಹತ್ತುವ ದಾರಿಯು ಕುಸಿಯುತ್ತದೆ, ಪಕ್ಕದ ಗೋಡೆಗಳು ಸೀಳುತ್ತವೆ. ಕಲ್ಲಿನ ಸಂದಿಯಲ್ಲಿ ಹಕ್ಕಿ ಹಾಕಿದ ಅರಳಿಯ ಬೀಜವು ಮೊಳೆತು ಬೇರನ್ನು ಬೆಣೆಯಂತೆ ಹೊಡೆಯುತ್ತದೆ. ಗಿಡವು ಇರಬೇಕಾದ ದಂಡೆಯಲ್ಲಿಲ್ಲ, ಇರಬಾರದ ಸೇತುವೆಯಲ್ಲಿದೆ ಎಂಬುದು ನಗೆಗೀಡಾದ ಸಂಗತಿಯಲ್ಲವೆ? ಎಲ್ಲಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣದ ರೋಗ: ನೆರೆಯ ನೀರು ಕಂಬದ ಬುಡದಲ್ಲಿ ಸುಳಿಸುಳಿದು ತಳದ ಮಣ್ಣನ್ನು ಕೊರೆಯುವುದು. ಮೇಲೆ ಬಸ್ಸು ಎಂದಿನಂತೆ ಓಡುತ್ತಿರುವಾಗಲೇ ಕೆಳಗೆ ಕಂಬವು ಬುಡ ಬಿಟ್ಟು ನಿಂತಿರಬಹುದು. ಇವುಗಳಲ್ಲಿ ಮೊದಲಿನ ನಾಲ್ಕನ್ನು ಕುಡುಗೋಲು, ಸನಿಕೆ, ಬುಟ್ಟಿ ಗಾರೆಗಳಿಂದಲೇ ಬಹುಮಟ್ಟಿಗೆ ತಡೆಯಬಹುದು. ಕೊನೆಯದಕ್ಕೆ ನೆರೆ ಇಳಿದ ಮೇಲೆ ನೀರಿಗಿಳಿದು ಬುಡವನ್ನು ನೋಡುವ ಮನುಷ್ಯನೊಬ್ಬನು ಬೇಕು.

ನೋಡದಿದ್ದರೆ ಏನಾಗುವುದೆಂಬುದಕ್ಕೆ ಉದಾಹರಣೆಗಳನ್ನು ದೂರ ಹುಡುಕಬೇಕಾಗಿಲ್ಲ. 2016ರ ಆಗಸ್ಟ 2ರ ರಾತ್ರಿ ಮಹಾರಾಷ್ಟ್ರದ ಮಹಾಡದಲ್ಲಿ ಬ್ರಿಟಿಷರ ಕಾಲದ ಸೇತುವೆಯು ಸಾವಿತ್ರಿ ನದಿಯ ನೆರೆಗೆ ಕೊಚ್ಚಿಹೋಗಿ, ಪ್ರಯಾಣಿಕರು ತುಂಬಿದ ಎರಡು ಬಸ್ಸುಗಳು ಮುಳುಗಿದುವು. 2024ರ ಆಗಸ್ಟ 7ರ ನಡುರಾತ್ರಿ ನಮ್ಮದೇ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆಯು ಕುಸಿದು ಲಾರಿಯೊಂದು ನೀರಿಗೆ ಬಿದ್ದಿತು; ಚಾಲಕನು ಬದುಕಿದ್ದು ಪುಣ್ಯ. 2025ರ ಜುಲೈ 9ರಂದು ಗುಜರಾತದಲ್ಲಿ ಮಹೀ ನದಿಯ ಗಂಭೀರಾ ಸೇತುವೆಯ ಭಾಗವು ಕಳಚಿ ಬಿದ್ದು ಕಡಿಮೆಯೆಂದರೆ ಇಪ್ಪತ್ತು ಜನರು ಸತ್ತರು. ಪ್ರತಿ ಸಲವೂ ದುಃಖಸೂಚನೆ, ಪರಿಹಾರಧನ, ವಿಚಾರಣಾ ಸಮಿತಿ. ಸತ್ತ ಮೇಲಿನ ಈ ಉಪಚಾರಕ್ಕೆ ಸಿಗುವ ಹಣವು ಬದುಕಿರುವಾಗಿನ ಔಷಧಕ್ಕೇಕೆ ಸಿಗಬಾರದು?

ಕಟ್ಟುವಾಗಲೇ ಕಾಯುವುದನ್ನೂ ಯೋಚಿಸಿದ ಜನರು ಇದೇ ವಿಜಯಪುರದಲ್ಲಿ ಬಾಳಿದ್ದರು. ಆದಿಲಶಾಹಿಗಳ ಕಾಲದಲ್ಲಿ ತೊರವಿಯಿಂದ ನಗರಕ್ಕೆ ನೆಲದೊಳಗಿನ ಸುರಂಗದಲ್ಲಿ ನೀರನ್ನು ತಂದರು. ಆ ಸುರಂಗಕ್ಕೆ ಮೇಲಿನಿಂದ ಬಾವಿಗಳಂಥ ಕಿಂಡಿಗಳನ್ನು ತೋಡಿದ್ದು ಗಾಳಿ ಬೆಳಕು ಹೊಗಲೆಂದೂ, ಇಳಿದು ಹೂಳು ತೆಗೆಯಲೆಂದೂ. ನಗರದ ಕೊಳವೆಸಾಲಿನಲ್ಲಿ ನಡುನಡುವೆ ನಿಂತಿರುವ ಗಂಜ್ ಎಂಬ ಕಲ್ಲಿನ ಗೋಪುರಗಳು ನೀರಿನ ಒತ್ತಡವನ್ನು ತಗ್ಗಿಸಿ ಮಣ್ಣನ್ನು ತಳಕ್ಕಿಳಿಸುತ್ತಿದ್ದುವು. ಕಾಯುವವರು ಇರುವವರೆಗೆ ಆ ವ್ಯವಸ್ಥೆಯು ನಡೆಯಿತು; ಕಾಯುವವರು ಹೋದ ಮೇಲೆ ಅದು ಪ್ರವಾಸಿಗರು ನೋಡುವ ವಸ್ತುವಾಯಿತು. ಕಲ್ಲು ಇನ್ನೂ ಗಟ್ಟಿಯಾಗಿಯೇ ಇದೆ; ಕೆಟ್ಟದ್ದು ಉಸ್ತುವಾರಿ.

ಸೇತುವೆಯು ನಮ್ಮದಲ್ಲ, ಲೋಕೋಪಯೋಗಿ ಇಲಾಖೆಯದು ಎಂದು ಒಬ್ಬರು. ಗ್ರಾಮದ ರಸ್ತೆಯು ಪಂಚಾಯತರಾಜ್ಯ ಇಂಜಿನಿಯರರದು ಎಂದು ಇನ್ನೊಬ್ಬರು. ಊರೊಳಗಿನ ಮೋರಿಯು ಮಹಾನಗರ ಪಾಲಿಕೆಯದು ಎಂದು ಮತ್ತೊಬ್ಬರು. ಹೊಳೆಯು ಮಾತ್ರ ಯಾವ ಇಲಾಖೆಯದೆಂದು ಕೇಳಿ ಹರಿಯುವುದಿಲ್ಲ. ಇದಕ್ಕೆ ಕಾನೂನಿನಲ್ಲಿ ದಾರಿಯಿಲ್ಲದಿಲ್ಲ. 1992ರ ಸಂವಿಧಾನ ತಿದ್ದುಪಡಿಗಳಿಂದ ಬಂದ ಹನ್ನೊಂದನೆಯ ಅನುಸೂಚಿಯು ರಸ್ತೆ, ಮೋರಿ, ಸೇತುವೆಗಳನ್ನು ಪಂಚಾಯತಿಗಳ ವಿಷಯಗಳಲ್ಲಿ ಎಣಿಸಿದೆ. ಹನ್ನೆರಡನೆಯದು ರಸ್ತೆ ಸೇತುವೆಗಳನ್ನೂ ಪರಿಸರರಕ್ಷಣೆಯನ್ನೂ ನಗರಸಂಸ್ಥೆಗಳ ವಿಷಯಗಳಲ್ಲಿ ಸೇರಿಸಿದೆ. ಪಂಚಾಯತಿಗಳ ಮತ್ತು ನಗರಗಳ ಯೋಜನೆಗಳನ್ನು ಒಟ್ಟುಗೂಡಿಸಲು ಜಿಲ್ಲಾ ಯೋಜನಾ ಸಮಿತಿಯಿರಬೇಕೆಂದು 243 ಝಡ್ ಡಿ ವಿಧಿಯು ಹೇಳುತ್ತದೆ. ನೀರಿನ ಹಂಚಿಕೆ, ಮೂಲಸೌಕರ್ಯಗಳ ಸಮಗ್ರ ಅಭಿವೃದ್ಧಿ, ಪರಿಸರದ ಸಂರಕ್ಷಣೆ ಇವುಗಳನ್ನು ಒಟ್ಟಿಗೆ ನೋಡಬೇಕೆಂದೂ ಅದೇ ವಿಧಿಯ ಆಜ್ಞೆ. ಸೇತುವೆ ಹವಾಮಾನಗಳನ್ನು ಒಂದೇ ಮೇಜಿನ ಮೇಲೆ ಇಡಿರೆಂದು ನಾವು ಹೇಳುವುದು ಹೊಸ ಮಾತಲ್ಲ. ಸಂವಿಧಾನವೇ ಹೇಳಿದ ಮಾತು.

ಹಣದ ಅಡಚಣೆಯನ್ನು ನಾವು ಅಲ್ಲಗಳೆಯುವುದಿಲ್ಲ. ಹದಿನೈದನೆಯ ಹಣಕಾಸು ಆಯೋಗವು 2021ರಿಂದ 2026ರವರೆಗೆ ಪಂಚಾಯತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇಕಡಾ 60ನ್ನು ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಕಟ್ಟಿಹಾಕಿತು. ಉಳಿದ 40ರ ಮೇಲೆ ಊರಿನ ನೂರು ಕೆಲಸಗಳ ಕಣ್ಣು. ಆದರೂ ತೂಬು ಬಿಡಿಸಲು, ಅರಳಿಯ ಸಸಿ ಕೀಳಲು, ಸಂದು ಮುಚ್ಚಲು ಬೇಕಾಗುವುದು ಹೊಸ ಸೇತುವೆಯ ವೆಚ್ಚದ ಅತ್ಯಲ್ಪ ಭಾಗ. ದುರಸ್ತಿಯ ಕೆಲಸಕ್ಕೆ ಶಿಲಾಫಲಕವಿಲ್ಲ, ನಾಡಗೀತೆಯಿಲ್ಲ, ಹಾರವಿಲ್ಲ. ಅದು ಹಿಂದೆ ಬೀಳುವುದಕ್ಕೆ ಹಣದ ಕೊರತೆಗಿಂತ ಇದೇ ಹೆಚ್ಚಿನ ಕಾರಣವೆಂದು ನಮಗೆ ತೋರುತ್ತದೆ.

ಆದುದರಿಂದ ಜಿಲ್ಲೆಯ ಆಡಳಿತೆಗೂ ಲೋಕಪ್ರತಿನಿಧಿಗಳಿಗೂ ನಾವು ಕೆಲವು ಸೂಚನೆಗಳನ್ನು ಮಾಡುತ್ತೇವೆ. ವಿಜಯಪುರ, ತಿಕೋಟಾ, ಬಬಲೇಶ್ವರಗಳ ಪ್ರತಿಯೊಂದು ಸೇತುವೆ ಮೋರಿಗೂ ಒಂದು ಪುಟವುಳ್ಳ ದಾಖಲೆಪುಸ್ತಕವಿರಲಿ. ಯಾವ ಇಲಾಖೆಯದು, ಯಾವ ವರ್ಷದ್ದು, ಕೊನೆಗೆ ಯಾರು ಎಂದು ನೋಡಿದರು ಎಂಬುದು ಅದರಲ್ಲಿರಲಿ. ಮಳೆಗಾಲದ ಮುಂಚೆ ಒಮ್ಮೆ, ಹಿಂಗಾರಿ ಮಳೆ ಮುಗಿದ ಮೇಲೆ ಒಮ್ಮೆ ತಪಾಸಣೆ ನಡೆದು, ಅದರ ವರದಿಯು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಲ್ಪಡಲಿ. ಅಂದಾಜುಪತ್ರಿಕೆಯಲ್ಲಿ ದುರಸ್ತಿಗೆ ಬೇರೆ ಶೀರ್ಷಿಕೆಯಿದ್ದು, ಆ ಹಣವನ್ನು ಹೊಸ ಕಾಮಗಾರಿಗೆ ತಿರುಗಿಸಲು ಅವಕಾಶವಿಲ್ಲದಿರಲಿ. ಡೋಣಿಯ ದಂಡೆಯಲ್ಲಿಯೂ ಮೇಲಿನ ಹಳ್ಳಗಳಲ್ಲಿಯೂ ಮಣ್ಣು ಹಿಡಿಯುವ ಗಿಡಗಳನ್ನು ಬೆಳೆಸಿ ಹೂಳನ್ನು ತಡೆಯಲಿ. ನೆಟ್ಟ ಸಸಿಗಳ ಎಣಿಕೆಗಿಂತ ಮೂರು ವರ್ಷ ಬದುಕಿದ ಮರಗಳ ಎಣಿಕೆಯು ಪ್ರಕಟವಾಗಲಿ. ನೀರು ಎಷ್ಟು ಏರಿದರೆ ದಾಟಬಾರದೆಂಬ ಕೆಂಪು ಗುರುತು ಪ್ರತಿ ತಗ್ಗು ಸೇತುವೆಯ ಮೇಲೂ ಇರಲಿ. ಇವುಗಳಲ್ಲಿ ಯಾವುದಕ್ಕೂ ದಿಲ್ಲಿಯ ಅಪ್ಪಣೆಗಾಗಿ ಕಾಯಬೇಕಾಗಿಲ್ಲ.

ಸ್ವರಾಜ್ಯದ ಮೊದಲ ಪಾಠಶಾಲೆಯು ಸ್ಥಳೀಯ ಸಂಸ್ಥೆಯೇ ಎಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ವಲ್ಲಭಭಾಯಿ ಪಟೇಲರು 1924ರಿಂದ 1928ರವರೆಗೆ ಅಹಮದಾಬಾದಿನ ಪೌರಸಭೆಯ ಅಧ್ಯಕ್ಷರಾಗಿ ಚರಂಡಿ, ನೀರು, ರಸ್ತೆಗಳ ಚಿಂತೆಯನ್ನು ಹೊತ್ತಿದ್ದರು. 1927ರಲ್ಲಿ ಗುಜರಾತಕ್ಕೆ ಮಹಾಪೂರ ಬಂದಾಗ ಅವರು ಪರಿಹಾರಕಾರ್ಯವನ್ನು ಅಷ್ಟು ದಕ್ಷತೆಯಿಂದ ನಡೆಸಬಲ್ಲವರಾದದ್ದು ಆ ದಿನನಿತ್ಯದ ಅಭ್ಯಾಸದಿಂದಲೇ. ಜಗತ್ತಿಗೆ ಕೊಟ್ಟ ವಚನವನ್ನು ನಡೆಸುವ ಶಕ್ತಿಯು ಸಾರವಾಡದ ಸೇತುವೆಯ ಕೆಳಗಿಳಿದು ಕಂಬದ ಬುಡವನ್ನು ನೋಡುವವನಿಂದ ಆರಂಭವಾಗಬೇಕು. ಮುಂದಿನ ಮಳೆಗಾಲವು ಬರುವುದು ಖಂಡಿತ. ಆಗ ದಂಡೆಯಲ್ಲಿ ನಿಂತವರು ದಾಟಬಹುದೆ ಎಂದು ಕೇಳಿದರೆ, ದಾಟಬಹುದು, ನೋಡಿದ್ದೇವೆ ಎಂದು ಹೇಳಬಲ್ಲ ಅಧಿಕಾರಿಯೊಬ್ಬನಾದರೂ ಅಲ್ಲಿ ಇರಲಿ ಎಂಬುದೇ ನಮ್ಮ ಬಿನ್ನಹ.