ಬಿನ್ ಮತ್ತು ಕೋಂ

ನಮ್ಮ ನಾಡಿನಲ್ಲಿ ಮನೆತನದ ಹಿರಿಮೆಯನ್ನು ಹೇಳಿಕೊಳ್ಳದ ಮನೆ ಅಪರೂಪ. ಒಬ್ಬರ ಹಿರಿಯರು ವಿಜಯನಗರದ ದಂಡಿನಲ್ಲಿದ್ದವರು. ಇನ್ನೊಬ್ಬರ ಹಿರಿಯರು ಸವಣೂರ ನವಾಬರಿಂದ ಉಂಬಳಿ ಪಡೆದವರು. ಮತ್ತೊಬ್ಬರ ಹಿರಿಯರು ಏಳು ಗಡಿಗೆ ಹೊನ್ನನ್ನು ಹೂತಿಟ್ಟು ಜಾಗ ಹೇಳದೆ ತೀರಿಕೊಂಡವರು. ಕೇಳುವುದಕ್ಕೆ ಇವೆಲ್ಲ ಸೊಗಸಾಗಿಯೇ ಇರುತ್ತವೆ. ಆದರೆ ಅಜ್ಜನ ಅಜ್ಜನ ಹೆಸರೇನೆಂದು ಕೇಳಿದರೆ ಅದೇ ಬಾಯಿ ತಡವರಿಸುತ್ತದೆ. ಹೆಸರು ಬೇಕೆನ್ನುವವನು ಕಥೆಯನ್ನು ಬಿಟ್ಟು ಕಂದಾಯದ ಕಾಗದಕ್ಕೆ ಹೋಗಬೇಕು. ಸರಕಾರ ತನಗೆ ಬರಬೇಕಾದ ಹಣವನ್ನು ಮರೆಯುವುದಿಲ್ಲ. ಆದುದರಿಂದ ಅದನ್ನು ಕೊಡಬೇಕಾದವನ ಹೆಸರನ್ನೂ ಮರೆಯುವುದಿಲ್ಲ.

ಈ ಮಾತಿಗೆ ಸಾಕ್ಷಿಯನ್ನು ಹುಡುಕುತ್ತ ಶಿಗ್ಗಾಂವ ತಾಲ್ಲೂಕಿನಿಂದ ಬಹುದೂರ ಹೋಗಬೇಕಾಗಿಲ್ಲ. ಕಚೇರಿ ಶಿಗ್ಗಾಂವದಲ್ಲಿದ್ದರೂ ಮುಂಬಯಿ ಇಲಾಖೆಯ ಕಾಲದಲ್ಲಿ ಈ ತಾಲ್ಲೂಕಿನ ಹೆಸರು ಬಂಕಾಪುರ. ಆ ಊರಿಗೆ ಹೆಸರು ಬಂದದ್ದು ಅಮೋಘವರ್ಷ ನೃಪತುಂಗನ ನಂಬುಗೆಯ ದಂಡನಾಯಕನಾದ ಬಂಕೆಯನಿಂದ. ಶಕ 820ರಲ್ಲಿ, ಎಂದರೆ ಕ್ರಿ.ಶ. 898ರಲ್ಲಿ, ಅವನ ಮಗ ಲೋಕಾದಿತ್ಯನು ಇಲ್ಲಿಂದಲೇ ಬನವಾಸಿ ನಾಡನ್ನು ಆಳುತ್ತಿದ್ದನೆಂದು ಗುಣಭದ್ರಾಚಾರ್ಯರ ಉತ್ತರಪುರಾಣದ ಪ್ರಶಸ್ತಿ ಹೇಳುತ್ತದೆ. ಇನ್ನೊಬ್ಬ ಮಗ ಕುಂದಟ್ಟೆಯು ನಿಡಗುಂದಗೆ ಹನ್ನೆರಡನ್ನು ಆಳುತ್ತಿದ್ದ ಸಂಗತಿ ಇದೇ ತಾಲ್ಲೂಕಿನ ನಿಡಗುಂದಿಯ ಕಲ್ಲಿನಲ್ಲಿದೆ. ಆದರೆ ಬಂಕೆಯನ ತಂದೆ ಯಾರು, ಅಜ್ಜ ಯಾರು? ಅದನ್ನು ತಿಳಿಸುವುದು ಕಾವ್ಯವಲ್ಲ. ಇಂದಿನ ಗದಗ ಜಿಲ್ಲೆಗೆ ಸೇರಿದ ಕೊಣ್ಣೂರಿನ ಶಾಸನ. ಅಜ್ಜ ಎರಕೋರಿ, ತಂದೆ ಅಧೋರ, ತಾಯಿ ವಿಜಯಾಂಕೆ. ಶಕ 782ರಲ್ಲಿ, ಅಂದರೆ ಕ್ರಿ.ಶ. 860ರಲ್ಲಿ, ಬಂಕೆಯನು ತಾನು ಕಟ್ಟಿಸಿದ ಬಸದಿಗೆ ದೊರೆಯಿಂದ ಭೂಮಿಯನ್ನು ಕೊಡಿಸಿದಾಗ ಈ ಹೆಸರುಗಳು ದಾನಪತ್ರದಲ್ಲಿ ಸೇರಿದವು.

ಇಷ್ಟೇ ಆಗಿದ್ದರೆ ನಾನು ಇದನ್ನು ಪ್ರಸ್ತಾಪಿಸುತ್ತಿರಲಿಲ್ಲ. ಆ ದಾನಪತ್ರ ಮೊದಲು ತಾಮ್ರದ ಮೇಲಿತ್ತು. ಸುಮಾರು ಮೂರು ಶತಮಾನಗಳ ತರುವಾಯ ವೀರನಂದಿ ಎಂಬ ಮುನಿಗಳು ಅದನ್ನು ಕಲ್ಲಿಗೆ ಪ್ರತಿಮಾಡಿಸಿದರು. ಬಂಕೆಯನ ತಾಯಿಯ ಹೆಸರು ಅಳಿಯಬಾರದೆಂಬ ಕನಿಕರದಿಂದ ಅವರು ಹಾಗೆ ಮಾಡಿಸಿರಲಾರರು. ಬಸದಿಯ ಭೂಮಿಗೆ ಆಧಾರ ಬೇಕಾಗಿತ್ತು. ಹಕ್ಕು ಉಳಿಯಲೆಂದು ಕೆತ್ತಿಸಿದ ಕಲ್ಲಿನಲ್ಲಿ ವಂಶವೂ ಉಳಿಯಿತು. ಇಂಥ ಕಲ್ಲುಗಳನ್ನು ಮೊದಲು ಹುಡುಕಿ ಓದಿಸಿದವರಾದರೂ ಯಾರು? ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದು ಸುಮಾರು ಆರುನೂರು ಶಾಸನಗಳನ್ನು ಕಲೆಹಾಕಿ 1837ರಲ್ಲಿ ಪ್ರಬಂಧ ಬರೆದ ವಾಲ್ಟರ್ ಎಲಿಯಟ್, ಮುಂಬಯಿ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸವನ್ನು ಪ್ರಕಟಿಸಿದ ಫ್ಲೀಟ್. ಇಬ್ಬರೂ ಕಂದಾಯದ ಆಡಳಿತದಲ್ಲಿ ಪಳಗಿದವರು. ಹೊಲಕ್ಕೆ ತೆರಿಗೆ ಹಾಕಲು ಬಂದವರಿಗೆ ಹೊಲದ ಬದಿಯ ಕಲ್ಲು ಕಣ್ಣಿಗೆ ಬಿದ್ದದ್ದು ಆಶ್ಚರ್ಯವಲ್ಲ.

ದಂಡನಾಯಕರ ಮಾತು ಹಾಗಿರಲಿ, ಕಲ್ಲು ಕೆತ್ತಿಸುವ ಶಕ್ತಿಯಿಲ್ಲದ ಒಕ್ಕಲಿಗನ ವಂಶ ಎಲ್ಲಿ ಸಿಗುತ್ತದೆ? ಈ ಪ್ರಶ್ನೆ ನನ್ನ ಮುಂದೆ ಬಂದದ್ದು ಸಂಶೋಧನೆಯ ದಾರಿಯಿಂದಲ್ಲ. ನನ್ನ ತಾಯಿಯ ತವರು ಇದೇ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿನ ಹೊಲಗಳ ಖಾತೆ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಇತ್ತು. ಅದನ್ನು ವಾರಸುದಾರರ ಹೆಸರಿಗೆ ಮಾಡಿಸಬೇಕಾದರೆ ವಂಶವೃಕ್ಷ ಬೇಕು. ಸೋದರಮಾವ ಒಂದು ದಿನ ಹಳೆಯ ಕಬ್ಬಿಣದ ಟ್ರಂಕನ್ನು ನನ್ನೆದುರಿಗೆ ತಂದಿಟ್ಟು, “ನೀ ಹಳಗನ್ನಡ ಓದಾಂವ ಅದಿ, ಈ ಕಾಗದ ಏನಂತಾವ ನೋಡು” ಎಂದರು. ಹಳಗನ್ನಡಕ್ಕೂ ದಫ್ತರದ ಕನ್ನಡಕ್ಕೂ ಇರುವ ಅಂತರವನ್ನು ವಿವರಿಸುವ ಗೋಜಿಗೆ ನಾನು ಹೋಗಲಿಲ್ಲ. ಅವರು ಆಗಲೇ ಒಂದು ಹಾಳೆಯಲ್ಲಿ ವಂಶವೃಕ್ಷದ ಕರಡನ್ನು ಬರೆಸಿದ್ದರು. ಅದರಲ್ಲಿ ಅಜ್ಜನಿಗೆ ಇಬ್ಬರು ಗಂಡುಮಕ್ಕಳಿದ್ದರು. ನನ್ನ ತಾಯಿ ಮತ್ತು ಆಕೆಯ ತಂಗಿ ಇರಲಿಲ್ಲ.

ಹಳೆ ಮೈಸೂರಿನವರು ಪಹಣಿ ಎನ್ನುವುದನ್ನು ನಮ್ಮ ಕಡೆ ಉತಾರ ಎನ್ನುತ್ತೇವೆ. ಹುಡುಕಾಟ ಅಲ್ಲಿಂದ ಆರಂಭವಾಗಬೇಕು. ಇಂದು ಅದು ಗಣಕಯಂತ್ರದಿಂದ ಒಂದು ಗಳಿಗೆಯಲ್ಲಿ ಹೊರಬರುತ್ತದೆ. ಆದರೆ ಯಂತ್ರಕ್ಕೆ ಇತ್ತೀಚಿನ ನೆನಪು ಮಾತ್ರ. ಅದಕ್ಕಿಂತ ಹಿಂದಕ್ಕೆ ಹೋಗಲು ಫೇರಫಾರದ ಪುಸ್ತಕಗಳನ್ನು ತೆರೆಯಬೇಕು. ಮುಂಬಯಿ ಸರಕಾರ 1903ರಲ್ಲಿ ಹಕ್ಕು ನೋಂದಣಿಯ ಕಾಯಿದೆಯನ್ನು ಮಾಡಿದ ಮೇಲೆ ಮರಣ, ಪಾಲು, ಖರೀದಿ, ಒತ್ತೆ ಎಲ್ಲವೂ ವರ್ದಿಗಳಾಗಿ ದಾಖಲಾದವು. ಪ್ರತಿಯೊಂದು ವರ್ದಿಯೂ ಒಂದು ಮನೆಯ ಸಾವಿನ ಅಥವಾ ಜಗಳದ ವರದಿಯೇ ಸರಿ. ಇದಕ್ಕೂ ಹಿಂದೆ, 1840ರ ದಶಕದಲ್ಲಿ, ವಿಂಗೇಟ್ ಸಾಹೇಬರ ಮೇಲ್ವಿಚಾರಣೆಯಲ್ಲಿ ದಕ್ಷಿಣ ಮರಾಠಾ ಸೀಮೆಯ ಮೋಜಣಿ ನಡೆಯಿತು. ಅಲ್ಲಿಯವರೆಗೆ ‘ಇಷ್ಟು ಕೂರಿಗೆ’ ಎಂದು ಬಿತ್ತನೆಯ ಲೆಕ್ಕದಲ್ಲಿ ಹೇಳುತ್ತಿದ್ದ ನೆಲ 33 ಅಡಿಯ ಸರಪಳಿಗೆ ಸಿಕ್ಕಿ, 40 ಗುಂಟೆಗೆ ಒಂದು ಎಕರೆಯಾಯಿತು. ಮಣ್ಣಿನ ಗುಣಕ್ಕೆ ಆಣೆಗಳಲ್ಲಿ ಬೆಲೆ ಬಿತ್ತು. ಮೂಲೆಗೊಂದು ಬಾಂದಕಲ್ಲು ನಿಂತಿತು. 30 ವರ್ಷಕ್ಕೆ ಆಕಾರ ನಿಶ್ಚಯವಾಯಿತು. ಇದೇ ತಾಲ್ಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಷರೀಫ ಸಾಹೇಬರ ಬಾಳು ಈ ಸರಪಳಿಯ ಕಾಲದಲ್ಲಿಯೇ ಕಳೆಯಿತು.

ಇನಾಮದಾರರ ಮತ್ತು ವತನದಾರರ ಮಾತು ಬೇರೆ. 1852ರ ಕಾಯಿದೆಯ ಮೇರೆಗೆ ಇನಾಂ ಕಮಿಶನ್ ಅವರ ಮನೆಬಾಗಿಲಿಗೆ ಬಂದು, ಈ ಭೂಮಿಯನ್ನು ಕೊಟ್ಟವರಾರು, ಪಡೆದವರಾರು, ನೀವು ಅವರಿಗೆ ಏನಾಗಬೇಕು ಎಂದು ಕೇಳಿತು. ವಂಶಾವಳಿ ತೋರಿಸಲಾರದವರ ಇನಾಮು ಹೋಯಿತು. ಆ ಹೆದರಿಕೆಯಿಂದ ಗೌಡ, ಕುಲಕರ್ಣಿ, ದೇಸಾಯಿ ಮನೆತನಗಳ ವಂಶಾವಳಿಗಳು ಸಿದ್ಧವಾದವು. ಕೆಲವು ತುಸು ಹೆಚ್ಚೇ ಉದ್ದವಾಗಿಯೂ ಸಿದ್ಧವಾದವೆಂದು ನನ್ನ ಗುಮಾನಿ. ಒಕ್ಕಲಿಗನನ್ನು ಯಾರೂ ಹಾಗೆ ಕೇಳಲಿಲ್ಲ. ಅವನಿಗೆ ಇದ್ದದ್ದು ಒಂದೇ ಅಕ್ಷರ ಏಣಿ: ‘ಬಿನ್’. ಇಂಥವ ಬಿನ್ ಇಂಥವ, ಎಂದರೆ ಇಂಥವನ ಮಗ. ಹೆಸರಿನ ಬೆನ್ನಿಗಿರುವ ಆ ಎರಡಕ್ಷರವನ್ನು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಮೇಲೆ ಏರಬಹುದು. ಹೀಗೆಯೇ ನಾನು ಅಜ್ಜನಿಂದ ಅವನ ತಂದೆಗೆ, ಅಲ್ಲಿಂದ ತಾಯಿಯ ಮುತ್ತಜ್ಜನಿಗೆ, ಆತನ ‘ಬಿನ್’ನಿಂದ ಅವನ ತಂದೆಯ ಹೆಸರಿಗೆ ತಲುಪಿದೆ. ಮಾವನಿಗೆ ಅದೇ ಸಾಕಾಗಿತ್ತು.

ಟ್ರಂಕಿನ ತಳದಲ್ಲಿ ಪಾವತಿ ಪುಸ್ತಕಗಳ ಜೊತೆ ಎರಡು ಕಾಗದಗಳಿದ್ದವು. ಮೊದಲನೆಯದು ರಾಜೀನಾಮೆ. ಇಂದು ಈ ಶಬ್ದ ಕೇಳಿದೊಡನೆ ಮಂತ್ರಿಗಳು ನೆನಪಿಗೆ ಬರುತ್ತಾರೆ. ಆ ಕಾಲದಲ್ಲಿ ರಾಜೀನಾಮೆ ಕೊಡುತ್ತಿದ್ದವನು ರೈತ. ಆಕಾರ ಕೊಡಲಾರದವನು ಹೊಲವನ್ನು ಸರಕಾರಕ್ಕೆ ಬಿಟ್ಟುಕೊಡುವ ಪತ್ರ ಅದು. ಬಿಟ್ಟ ಹೊಲವನ್ನು ಹೊಸದಾಗಿ ಹಿಡಿಯುವವನು ಬರೆದುಕೊಡುವುದು ಕಬೂಲಾಯತು. ರಾಜೀನಾಮೆಯ ವರ್ಷ 1877. ಅದನ್ನು ಓದಿದ ಮೇಲೆ ಬೇರೆ ವಿವರಣೆಯೇ ಬೇಕಾಗಲಿಲ್ಲ. 1876ರಿಂದ 78ರವರೆಗಿನ ಬರಗಾಲ ಧಾರವಾಡ ಜಿಲ್ಲೆಯನ್ನು ಹೇಗೆ ಸುಟ್ಟಿತೆಂಬುದಕ್ಕೆ ಎರಡು ಜನಗಣತಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಸಾಕು: 1872ರಲ್ಲಿ 9 ಲಕ್ಷ 88 ಸಾವಿರ ಜನ, 1881ರಲ್ಲಿ 8 ಲಕ್ಷ 82 ಸಾವಿರ. ಹುಟ್ಟಿದವರನ್ನೆಲ್ಲ ಕೂಡಿಸಿಕೊಂಡ ಮೇಲೆಯೂ ಹತ್ತರಲ್ಲಿ ಒಬ್ಬರು ಕಡಮೆ. ತಾಯಿಯ ಮುತ್ತಜ್ಜನ ತಂದೆ ಆ ವರ್ಷ ಹೊಲಕ್ಕೆ ರಾಜೀನಾಮೆ ಕೊಟ್ಟ. ಆಮೇಲೆ ಅವನ ಹೆಸರು ಎಲ್ಲಿಯೂ ಇಲ್ಲ.

ಎರಡನೆಯ ಕಾಗದ 1882ರ ಕಬೂಲಾಯತಿನ ಪ್ರತಿ. ಅದೇ ಹೊಲ, ಅದೇ ಸರ್ವೆ ನಂಬರು. ಹಿಡಿದವನು ಹತ್ತು ವರ್ಷದ ಹುಡುಗ. ಅವನ ಹೆಸರಿನ ಮುಂದೆ ‘ಅ.ಪಾ.ಕ.’ ಎಂಬ ಮೂರಕ್ಷರ. ಅಜ್ಞಾನನ ಪಾಲನಕರ್ತರು ಎಂದು ಅದರ ಅರ್ಥ. ಕಾನೂನಿನ ಕಣ್ಣಿಗೆ ವಯಸ್ಸಿಗೆ ಬಾರದವನೇ ಅಜ್ಞಾನ. ಪಾಲನಕರ್ತಳು ಅವನ ತಾಯಿ. ಆಕೆಯ ಹೆಸರು ಇದೆ. ಹೆಸರಿನ ಬೆನ್ನಿಗೆ ‘ಕೋಂ’ ಎಂದು ಬರೆದು ಗಂಡನ ಹೆಸರನ್ನು ಹಾಕಿದ್ದಾರೆ. ಕೋಂ ಎಂದರೆ ಹೆಂಡತಿ. ಬಿನ್ ಏಣಿಯಾದರೆ ಕೋಂ ಗೋಡೆ. ಅಲ್ಲಿಂದ ಮುಂದೆ ಆಕೆಯ ತಂದೆ ಯಾರು, ತವರು ಯಾವುದು ಎಂಬುದಕ್ಕೆ ದಾರಿಯಿಲ್ಲ. ಕೆಳಗೆ ಆಕೆಯ ನಿಶಾನಿ ಇತ್ತು. ಓದುಬರಹ ಬಾರದವರಿಗಾಗಿ ಬರೆಯುವವನೇ ಗುರುತನ್ನು ಬರೆಯುವುದು ಆಗಿನ ರೂಢಿ: ಒಕ್ಕಲಿಗನಿಗೆ ನೇಗಿಲು, ಹೆಂಗಸಿಗೆ ಬಳೆ. ಇಲ್ಲಿಯೂ ಒಂದು ಬಳೆಯನ್ನು ಬರೆದಿದ್ದರು. ಐದು ವರ್ಷದಿಂದ ವಿಧವೆಯಾಗಿದ್ದವಳ ರುಜು ಅದು.

ಮಾವ ಕಾಗದವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. “ಅಂದ್ರ ಹೊಲ ಹೋಗಿತ್ತೇನು?” ಎಂದರು. ಹೋಗಿತ್ತು ಮಾವ, ಈಕೆ ತಿರುಗಿ ಹಿಡಿದಳು ಎಂದೆ. ಆ ಹೊಲಕ್ಕೆ ಮನೆಯಲ್ಲಿ ಇಂದಿಗೂ ‘ಆಯಿ ಹೊಲ’ ಎಂದೇ ಹೆಸರು. ಯಾವ ಆಯಿ ಎಂದು ಯಾರೂ ಕೇಳಿರಲಿಲ್ಲ. ಮಗ ದೊಡ್ಡವನಾದೊಡನೆ ದಾಖಲೆಯಲ್ಲಿ ಆಕೆಯ ಕೆಲಸ ಮುಗಿಯಿತು. ಮುಂದಿನ ಪಾವತಿಗಳಲ್ಲಿ ಆತನ ಹೆಸರೊಂದೇ ಇದೆ, ‘ಬಿನ್’ ಆಗಿ ಬರಗಾಲದಲ್ಲಿ ಕಾಣೆಯಾದ ತಂದೆಯ ಹೆಸರು. 1903ರ ನಂತರದ ಪುಸ್ತಕವನ್ನು ಮಾತ್ರ ನೋಡಿದವನು, ತಂದೆಯಿಂದ ಮಗನಿಗೆ ಭೂಮಿ ನೇರವಾಗಿ ಬಂದಿತೆಂದೇ ತಿಳಿಯುತ್ತಾನೆ. ನಡುವಿನ ಐದು ವರ್ಷ ಹೊಲ ಇವರದಾಗಿರಲೇ ಇಲ್ಲ.

ಈ ಪಾಡು ನಮ್ಮ ದಫ್ತರಗಳದ್ದೊಂದೇ ಅಲ್ಲ. ಅಮೆರಿಕೆಯಲ್ಲಿ ಪೂರ್ವಜರನ್ನು ಹುಡುಕುವವರೂ ಭೂಮಿಯ ಪತ್ರಗಳನ್ನು, ತೆರಿಗೆಯ ಪಟ್ಟಿಗಳನ್ನು ನೆಚ್ಚಿಕೊಳ್ಳುತ್ತಾರೆ. ಅಲ್ಲಿನ ಜನಗಣತಿ 1790ರಿಂದ 1840ರವರೆಗೆ ಮನೆಯ ಯಜಮಾನನ ಹೆಸರನ್ನು ಮಾತ್ರ ಬರೆಯಿತು. ಉಳಿದವರು ಬರಿಯ ಅಂಕೆಗಳು. 1850ರಲ್ಲಿ ಸ್ವತಂತ್ರರಾದವರೆಲ್ಲರಿಗೂ ಹೆಸರು ಬಂತು. ಗುಲಾಮರಿಗೆ ಅಂದಿಗೂ ಬರಲಿಲ್ಲ. ಬಹುಮಟ್ಟಿಗೆ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣಗಳಷ್ಟನ್ನೇ ಬರೆದರು. ಅವರ ಮೊಮ್ಮಕ್ಕಳು ಇಂದು ತಮ್ಮ ಹಿರಿಯರನ್ನು ಒಡೆಯನ ಆಸ್ತಿಯ ಯಾದಿಯಲ್ಲಿ ಹುಡುಕಬೇಕಾಗಿದೆ. ನಮ್ಮಲ್ಲಿಯೂ ಇನ್ನೊಬ್ಬರ ಹೊಲದಲ್ಲಿ ದುಡಿದು ಸತ್ತವರಿಗೆ ಆಯಿಯ ಬಳೆಯಷ್ಟು ಗುರುತೂ ಇಲ್ಲ. ಬಂಕಾಪುರದ 1055ರ ಶಾಸನದಲ್ಲಿ ಕದಂಬ ಹರಿಕೇಸರಿಯ ಜೊತೆಗೆ ರಾಣಿ ಲಚ್ಚಲದೇವಿಯ ಹೆಸರಿದೆ. ದಾನವಾದ ಆ ನೆಲವನ್ನು ಉತ್ತವರ ಹೆಸರು ಯಾರಿಗೆ ಬೇಕಾಗಿತ್ತು?

ಮಾವನ ಕರಡಿಗೆ ಮರಳಿ ಬರುತ್ತೇನೆ. ಕರ್ನಾಟಕ 1994ರಲ್ಲಿಯೇ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು, ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. ನನ್ನ ತಾಯಿ ಹಾಗೆ ಹೊರಗುಳಿದವಳು. 2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ಅಡ್ಡಿ ಇಲ್ಲ. ತಂದೆ ಆ ದಿನ ಬದುಕಿರಬೇಕಾಗಿಯೂ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಹೇಳಿತು. ಇದು ಮಾವನಿಗೆ ತಿಳಿಯದ ವಿಷಯವಾಗಿರಲಿಲ್ಲ. “ಅಕ್ಕಗ ಹೊಲ ಯಾಕ ಬೇಕೋ? ಹೆಂಗೂ ಹಕ್ಕು ಬಿಟ್ಟು ಬರಕೊಡತಾಳ” ಎಂದರು. ಬಿಟ್ಟುಕೊಡಬಹುದು. ಆದರೆ ಬಿಟ್ಟುಕೊಡುವುದಕ್ಕಾದರೂ ಮೊದಲು ಹೆಸರು ಇರಬೇಕಷ್ಟೆ. ವಾದವನ್ನು ನಾನು ಬೆಳೆಸಲಿಲ್ಲ. ಅವರೇ ಕಬೂಲಾಯತನ್ನು ಮತ್ತೊಮ್ಮೆ ಬಿಡಿಸಿ ಆ ಬಳೆಯ ಮೇಲೆ ಬೆರಳಿಟ್ಟು ಕುಳಿತಿದ್ದರು. ನಾಲ್ಕು ದಿನದ ಮೇಲೆ ತಲಾಟಿಯ ಬಳಿಗೆ ಹೋದ ಹಾಳೆಯಲ್ಲಿ ಅಜ್ಜನಿಗೆ ನಾಲ್ವರು ಮಕ್ಕಳು. ಪಾಲಿನ ಮಾತು ಇನ್ನೂ ಇತ್ಯರ್ಥವಾಗಿಲ್ಲ. ಅದು ಅಷ್ಟು ಸುಲಭವಾಗಿ ಆಗತಕ್ಕದ್ದೂ ಅಲ್ಲ. ಮಾವನ ಮಕ್ಕಳು ನನ್ನೊಡನೆ ಮೊದಲಿನಷ್ಟು ಮಾತಾಡುವುದಿಲ್ಲ.

ತಾಯಿಗೆ ಎಲ್ಲವನ್ನೂ ಓದಿ ಹೇಳಿದೆ. ಎಕರೆ, ಗುಂಟೆ, ಕಾಯಿದೆ ಯಾವುದನ್ನೂ ಆಕೆ ಮತ್ತೆ ಕೇಳಲಿಲ್ಲ. “ಆಯಿ ತವರಮನಿ ಯಾವ ಊರು?” ಎಂದು ಕೇಳಿದಳು. ಕಾಗದದಲ್ಲಿಲ್ಲವ್ವಾ, ಕೋಂ ಅಂತ ಮಾತ್ರ ಐತಿ ಎಂದೆ. ಆಕೆ ತುಸು ಯೋಚಿಸಿ ಹೇಳಿದಳು: ಸೀಗಿ ಹುಣ್ಣಿಮೆಗೆ ಚರಗ ಚೆಲ್ಲುವಾಗ ಉಳಿದ ಹೊಲಗಳಲ್ಲಿ ಮೂಡಣ ದಿಕ್ಕಿನಿಂದ ಆರಂಭ, ಆಯಿ ಹೊಲದಲ್ಲಿ ಮಾತ್ರ ಮೊದಲ ತುತ್ತನ್ನು ಹಾನಗಲ್ಲ ದಿಕ್ಕಿಗೆ ಚೆಲ್ಲುತ್ತಿದ್ದರು. ಯಾಕೆಂದು ಚಿಕ್ಕಂದಿನಲ್ಲಿ ಕೇಳಿದಾಗ, “ಆಯಿ ಮಂದಿ ಆ ಕಡೀಗೆ ಅದಾರ” ಎಂದು ಆಕೆಯ ಅಜ್ಜಿ ಹೇಳಿದ್ದಳಂತೆ.

ಬರುವ ಬೇಸಿಗೆಯ ರಜೆಯಲ್ಲಿ ಹಾನಗಲ್ಲ ತಾಲ್ಲೂಕಿನ ದಫ್ತರವನ್ನು ನೋಡಲು ಅರ್ಜಿ ಬರೆದಿಟ್ಟಿದ್ದೇನೆ. ಯಾವ ಸರ್ವೆ ನಂಬರು ಎಂಬ ಕಲಮಿನಲ್ಲಿ ಇನ್ನೂ ಏನನ್ನೂ ತುಂಬಿಲ್ಲ.