ಗಾಡಿಯಿಂದ ಮೇಜಿಗೆ ಬಂದ ಆಗ್ನೇಯ ಏಷ್ಯಾದ ರುಚಿ

ಥಾಯ್ಲೆಂಡ್, ವಿಯೆಟ್ನಾಂ, ಮಲೇಷ್ಯಾ, ಸಿಂಗಪುರಗಳ ಬೀದಿ ಅಡುಗೆಯಲ್ಲಿ ಒಂದು ಗಾಡಿಗೆ ಒಂದೇ ತಿನಿಸು, ಹೆಚ್ಚೆಂದರೆ ಎರಡು ಎಂಬುದು ಬಹುಮಟ್ಟಿಗೆ ನಡೆದುಬಂದ ಪದ್ಧತಿಯಾಗಿದ್ದು, ಕೋಳಿ ಅನ್ನ ಮಾರುವವರು ಕೋಳಿ ಅನ್ನವನ್ನೇ, ನೂಡಲ್ಸ್ ಸೂಪು ಮಾರುವವರು ಅದನ್ನೇ ದಶಕಗಟ್ಟಲೆ ಮಾಡುತ್ತ ಕೈ ಪಳಗಿಸಿಕೊಂಡಿರುತ್ತಾರೆ. ಇಂತಹ ಹತ್ತಾರು ಗಾಡಿಗಳ ತಿನಿಸುಗಳನ್ನು ಒಂದೇ ಮೆನುವಿಗೆ ತಂದು, ಮಂದ ದೀಪ ಮತ್ತು ನಯವಾದ ಪಿಂಗಾಣಿಯ ನಡುವೆ ಬಡಿಸುವ ರೆಸ್ಟೋರೆಂಟುಗಳು ಕಳೆದ ಎರಡು ಮೂರು ದಶಕಗಳಲ್ಲಿ ಸಿಡ್ನಿ, ಲಂಡನ್‌ಗಳಿಂದ ಹಿಡಿದು ಬೆಂಗಳೂರಿನವರೆಗೆ ತಲೆಯೆತ್ತಿವೆ. ಅಲ್ಲಿಗೆ ಹೋದವರು ಮೊದಲು ಎತ್ತುವ ಮಾತು ಬೆಲೆಯದ್ದಾದರೂ, ಒಬ್ಬರ ಕೈಗೆ ಒಲಿದಿದ್ದ ಅಡುಗೆಯನ್ನು ಮೂವತ್ತು ಬಗೆ ಬೇಯಿಸುವ ಅಡುಗೆಮನೆ ಎಷ್ಟರಮಟ್ಟಿಗೆ ಉಳಿಸಿಕೊಳ್ಳಬಲ್ಲದು ಎಂಬುದೇ ಹೆಚ್ಚು ವಿಚಾರಯೋಗ್ಯವಾದ ಪ್ರಶ್ನೆ.

ಬೀದಿಯದೆಲ್ಲ ಅನಾದಿಯಾದದ್ದು, ರೆಸ್ಟೋರೆಂಟಿನದೆಲ್ಲ ಕೃತಕವಾದದ್ದು ಎಂದು ಭಾವಿಸುವುದಕ್ಕೆ ಆಧಾರವಿಲ್ಲ. ಅಕ್ಕಿಯ ನೂಡಲ್ಸನ್ನು ಹುಣಿಸೆ ರಸ, ತಾಳೆಬೆಲ್ಲ, ಮೀನಿನ ಸಾಸ್, ಮೊಟ್ಟೆ, ತೋಫು, ಒಣ ಸಿಗಡಿಗಳೊಂದಿಗೆ ಹುರಿದು ಮೇಲೆ ಕಡಲೆಕಾಯಿ ಪುಡಿ ಉದುರಿಸುವ ‘ಪಡ್ ಥಾಯ್’ ಇಂದು ಥಾಯ್ ಅಡುಗೆಯ ಗುರುತೇ ಆಗಿದ್ದರೂ, ಅದು ಮನೆಮಾತಾದದ್ದು 1939ರಲ್ಲಿ ಸಯಾಮ್ ದೇಶಕ್ಕೆ ಥಾಯ್ಲೆಂಡ್ ಎಂಬ ಹೆಸರಿಟ್ಟ ಪ್ರಧಾನಿ ಪ್ಲೇಕ್ ಫಿಬುನ್‌ಸೊಂಗ್‌ಖ್ರಾಮ್ ಅವರ ಸರ್ಕಾರ ನೂಡಲ್ಸ್ ತಿನ್ನುವಂತೆ ಪ್ರಜೆಗಳನ್ನು ಹುರಿದುಂಬಿಸಿದ ಕಾಲದಲ್ಲಿ. ಸಿಂಗಪುರದಲ್ಲಾದರೋ 1971ರಿಂದ 1986ರ ನಡುವೆ ಸರ್ಕಾರ ಸುಮಾರು 18,000 ಬೀದಿ ವ್ಯಾಪಾರಿಗಳನ್ನು ನಲ್ಲಿ ನೀರು, ಚರಂಡಿ, ಸೂರುಗಳಿರುವ ‘ಹಾಕರ್ ಸೆಂಟರ್’ ಎಂಬ ಸಾಮೂಹಿಕ ತಿನಿಸುತಾಣಗಳಿಗೆ ಸಾಗಿಸಿತು. 2020ರ ಡಿಸೆಂಬರಿನಲ್ಲಿ ಯುನೆಸ್ಕೋ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡದ್ದು ಹೀಗೆ ಸೂರಿನಡಿ ಬಂದ ಈ ಸಂಸ್ಕೃತಿಯನ್ನೇ. ಎಂದ ಮೇಲೆ, ಒಳಗೆ ಬಂದದ್ದರಿಂದಲೇ ತಿನಿಸು ಕೆಡುತ್ತದೆ ಎನ್ನುವಂತಿಲ್ಲ.

ಕೆಡುವುದು ಬೆಂಕಿಯ ಬಳಿ. ಹುರಿದ ನೂಡಲ್ಸ್, ಹುರಿದ ಅನ್ನಗಳಿಗೆ ಬಳಸುವ ‘ವೋಕ್’ ಎಂಬ ದುಂಡು ತಳದ ಬಾಣಲೆಯನ್ನು ಭೋರ್ಗರೆಯುವ ಉರಿಯ ಮೇಲಿಟ್ಟು, ಒಳಗಿನ ಪದಾರ್ಥವನ್ನು ಎಡೆಬಿಡದೆ ಮೇಲಕ್ಕೆ ಹಾರಿಸುತ್ತಿರಬೇಕು. ಅನುಭವಿ ಬಾಣಸಿಗರು ಸೆಕೆಂಡಿಗೆ ಸುಮಾರು ಮೂರು ಬಾರಿ ಹೀಗೆ ಹಾರಿಸುತ್ತಾರೆಂದು ಅಮೆರಿಕದ ಜಾರ್ಜಿಯಾ ಟೆಕ್‌ನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿವರಿಸಿದ್ದಾರೆ. ಗಾಡಿಯವರು ಒಂದು ಅಥವಾ ಎರಡು ತಟ್ಟೆಗಾಗುವಷ್ಟನ್ನು ಮಾತ್ರ ಬಾಣಲೆಗೆ ಹಾಕುವುದರಿಂದ ನೀರಿನಂಶ ಕ್ಷಣದಲ್ಲಿ ಆವಿಯಾಗಿ, ಎಣ್ಣೆ ಮತ್ತು ಸಾಸ್ ಅಂಚಿನಲ್ಲಿ ಸುಟ್ಟು, ನಾಲಿಗೆಗೆ ಹಿತವಾದ ಹೊಗೆಯ ವಾಸನೆ ಹತ್ತುತ್ತದೆ. ಶನಿವಾರ ರಾತ್ರಿಯ ನೂಕುನುಗ್ಗಲಿನಲ್ಲಿ ರೆಸ್ಟೋರೆಂಟಿನ ಅಡುಗೆಯವರು ಆರು ತಟ್ಟೆಯದನ್ನು ಒಮ್ಮೆಗೇ ಸುರಿದರೆ ಬಾಣಲೆ ತಣ್ಣಗಾಗಿ, ನೂಡಲ್ಸ್ ಹುರಿಯುವ ಬದಲು ತನ್ನದೇ ಹಬೆಯಲ್ಲಿ ಬೆಂದು, ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತದೆ. ತಟ್ಟೆಯ ಅಂಚಿಗೆ ಆರ್ಕಿಡ್ ಹೂವನ್ನಿಟ್ಟು ಅಲಂಕರಿಸಿದ ಮಾತ್ರಕ್ಕೆ ಈ ದೋಷ ಮುಚ್ಚಿಹೋಗುವುದಿಲ್ಲ.

ಬೀದಿಯಲ್ಲಿ ತಿನ್ನುವವರಿಗೂ ಅಡುಗೆಯಲ್ಲಿ ಪಾಲಿರುತ್ತದೆ ಎಂಬುದು ಎರಡನೆಯ ಸಂಗತಿ. ತುರಿದ ಹಸಿ ಪರಂಗಿಕಾಯಿಯ ‘ಸೋಮ್ ತಾಮ್’ ಮಾಡುವವರು ಮಣ್ಣಿನ ಒರಳಿಗೆ ಮೊದಲು ಬೆಳ್ಳುಳ್ಳಿ ಮತ್ತು ನಮ್ಮ ಸೂಜಿ ಮೆಣಸಿನಂತಹ ಖಾರದ ಮೆಣಸಿನಕಾಯಿ ಹಾಕಿ ಮರದ ಒನಕೆಯಿಂದ ಜಜ್ಜಿ, ತಾಳೆಬೆಲ್ಲ, ಅಲಸಂದೆ ಕಾಯಿ, ಟೊಮೆಟೊ, ನಿಂಬೆರಸ, ಮೀನಿನ ಸಾಸ್‌ಗಳನ್ನು ಸೇರಿಸಿದ ಮೇಲೆ ಪರಂಗಿಯನ್ನು ಹಾಕಿ, ಒಂದು ಕೈಯಲ್ಲಿ ಹಗುರವಾಗಿ ಕುಟ್ಟುತ್ತ ಇನ್ನೊಂದು ಕೈಯ ಚಮಚದಿಂದ ತಿರುವುತ್ತಾರೆ; ಮೆಣಸಿನಕಾಯಿ ಎಷ್ಟಿರಬೇಕೆಂಬುದನ್ನು ಗಿರಾಕಿಯನ್ನೇ ಕೇಳುವುದು ವಾಡಿಕೆ. ಬ್ಯಾಂಕಾಕಿನ ನೂಡಲ್ಸ್ ಅಂಗಡಿಗಳ ಮೇಜಿನ ಮೇಲೆ ಸಕ್ಕರೆ, ಒಣಮೆಣಸಿನ ಪುಡಿ, ಮೀನಿನ ಸಾಸ್, ವಿನೆಗರಿನಲ್ಲಿ ನೆನೆಸಿದ ಮೆಣಸಿನಕಾಯಿ ಎಂಬ ನಾಲ್ಕು ಡಬ್ಬಿಗಳ ತಟ್ಟೆ ಇರುತ್ತಿದ್ದು, ಸೂಪಿನ ಕೊನೆಯ ಹದವನ್ನು ತಿನ್ನುವವರೇ ಮಾಡಿಕೊಳ್ಳುತ್ತಾರೆ. ಸೊಗಸಿನ ರೆಸ್ಟೋರೆಂಟುಗಳು ಮೇಜು ಅಚ್ಚುಕಟ್ಟಾಗಿರಲೆಂದು ಮೊದಲು ತೆಗೆದುಹಾಕುವುದು ಈ ಡಬ್ಬಿಗಳನ್ನೇ. ಬಾಣಸಿಗರ ರುಚಿಯೇ ಅಂತಿಮ ಎಂಬ ಯುರೋಪಿನ ಭೋಜನಶಾಲೆಗಳ ಶಿಸ್ತು ಹೀಗೆ ಸದ್ದಿಲ್ಲದೆ ಒಳನುಗ್ಗುವುದು ಈ ರೂಪಾಂತರದ ನಿಜವಾದ ನಷ್ಟವೆನ್ನಬಹುದು.

ಕನ್ನಡ ನಾಡಿನ ಸಸ್ಯಾಹಾರಿಗಳಿಗೆ ಮಾತ್ರ ರೆಸ್ಟೋರೆಂಟು ಬೀದಿಗಿಂತ ಅನುಕೂಲದ ಜಾಗ. ಮೀನಿನ ಸಾಸ್ ಎಂಬುದು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿದ ಸಣ್ಣ ಮೀನಿನಿಂದ ಇಳಿಸಿದ ದ್ರವವಾಗಿದ್ದು, ಥಾಯ್ ಕರಿಗಳ ಮಸಾಲೆಯಲ್ಲಿ ಹುದುಗಿಸಿದ ಸಿಗಡಿಯೂ ಅರೆದು ಸೇರಿರುವುದರಿಂದ, ಕಣ್ಣಿಗೆ ಬರೀ ತರಕಾರಿಯಾಗಿ ಕಾಣುವ ತಟ್ಟೆಯೂ ಸಸ್ಯಾಹಾರವಾಗಿರಬೇಕೆಂದಿಲ್ಲ. ಆದ್ದರಿಂದ ಮಾಂಸ ಬೇಡವೆಂದಷ್ಟೇ ಹೇಳದೆ ಸಾಸ್ ಮತ್ತು ಮಸಾಲೆಯ ಬಗ್ಗೆಯೂ ವಿಚಾರಿಸಬೇಕಾಗುತ್ತದೆ. ಮಾಂಸ ಮೀನುಗಳ ಜೊತೆಗೆ ಈರುಳ್ಳಿ ಬೆಳ್ಳುಳ್ಳಿಯನ್ನೂ ವರ್ಜಿಸುವ ‘ಜೇ’ ಎಂಬ ಆಹಾರಕ್ರಮ ಥಾಯ್ಲೆಂಡಿನ ಚೀನೀ ಮೂಲದವರಲ್ಲಿ ಇದೆ ಎಂಬುದೂ, ಅದರ ಒಂಬತ್ತು ದಿನಗಳ ಹಬ್ಬದಲ್ಲಿ ಹಳದಿ ಬಾವುಟ ಕಟ್ಟಿದ ಗಾಡಿಗಳು ಬೀದಿ ತುಂಬುತ್ತವೆ ಎಂಬುದೂ ನಮ್ಮಲ್ಲಿ ಹೆಚ್ಚು ಮಂದಿಗೆ ತಿಳಿದಿಲ್ಲ. 2014ರಲ್ಲಿ ಮುಂಬೈಯಲ್ಲಿ ಆರಂಭವಾಗಿ ಮುಂದೆ ಬೆಂಗಳೂರಿಗೂ ಬಂದ ‘ಬರ್ಮಾ ಬರ್ಮಾ’ ರೆಸ್ಟೋರೆಂಟು ಬರ್ಮಾದ ಅಡುಗೆಯನ್ನು ಪೂರ್ತಿ ಸಸ್ಯಾಹಾರದಲ್ಲೇ ಕೊಡುತ್ತದೆ. ಕುತೂಹಲದ ಸಂಗತಿಯೆಂದರೆ, 1960ರ ದಶಕದಲ್ಲಿ ಬರ್ಮಾದಿಂದ ಮರಳಿದ ತಮಿಳರು ಚೆನ್ನೈ ಬಂದರಿನ ಆಸುಪಾಸಿನಲ್ಲಿ ‘ಅತ್ತೋ’ ಎಂಬ ನೂಡಲ್ಸ್ ಕಲಸನ್ನು ಗಾಡಿಗಳಲ್ಲಿ ಮಾರತೊಡಗಿದ್ದು, ಅದು ಇಂದಿಗೂ ಅಲ್ಲಿ ಬೀದಿಯಲ್ಲೇ ಇದೆ. ಮಲೇಷ್ಯಾದ ‘ರೋಟಿ ಚನಾಯ್’ ಕೂಡ ದಕ್ಷಿಣ ಭಾರತದ ವಲಸಿಗರು ಒಯ್ದ ಪರೋಟವೇ ಆದುದರಿಂದ, ಅದನ್ನು ವಿದೇಶಿ ತಿನಿಸೆಂದು ದುಬಾರಿ ದರಕ್ಕೆ ತರಿಸಿಕೊಳ್ಳುವವರು ಒಮ್ಮೆ ಯೋಚಿಸುವುದು ಒಳ್ಳೆಯದು.

ಆದರೂ ಬೀದಿಯದೆಂದರೆ ಅಗ್ಗವಾಗಿಯೇ ಇರಬೇಕೆಂಬ ವಾದದಲ್ಲಿ ಅರ್ಧ ಮಾತ್ರ ನ್ಯಾಯವಿದೆ. ಬ್ಯಾಂಕಾಕಿಗೆಂದು 2017ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಹೊರಬಂದ ಮಿಶಲಿನ್ ಕೈಪಿಡಿಯಲ್ಲಿ ನಕ್ಷತ್ರ ಪಡೆದ ‘ಜೇ ಫಾಯ್’ ಅಂಗಡಿಯ ಒಡತಿ, ಕಿಡಿಯಿಂದ ಕಣ್ಣು ಕಾಯಲು ದೊಡ್ಡ ಕನ್ನಡಕ ಧರಿಸಿ, ಇದ್ದಿಲ ಒಲೆಯ ಮುಂದೆ ತಾವೇ ನಿಂತು ಏಡಿಯ ಆಮ್ಲೆಟ್ ಮಾಡುತ್ತಿದ್ದರು. ಅದರ ಬೆಲೆ ಆಗಲೇ ಸಾವಿರ ಬಾತ್‌ನ ಆಸುಪಾಸಿನಲ್ಲಿತ್ತು. ಅಲ್ಲಿ ಹಣ ಹೋಗುವುದು ಏಡಿಯ ಮಾಂಸಕ್ಕೆ ಮತ್ತು ಕೈಗೆ. ಸೊಗಸಿನ ರೆಸ್ಟೋರೆಂಟಿನಲ್ಲಿ ಅದರ ದೊಡ್ಡ ಪಾಲು ಬಾಡಿಗೆ ಮತ್ತು ದೀಪಾಲಂಕಾರಕ್ಕೆ ಸಲ್ಲುತ್ತದೆ.

ಇಂತಹ ಕಡೆ ಉಣ್ಣುವವರು ಮೆನುವಿನ ಉದ್ದವನ್ನು ಮೊದಲು ಗಮನಿಸುವುದು ಲೇಸು, ಏಕೆಂದರೆ ಐದು ದೇಶಗಳ ಐವತ್ತು ತಿನಿಸುಗಳನ್ನು ಮುದ್ರಿಸಿದ ಅಡುಗೆಮನೆಯಲ್ಲಿ ಬಹುಪಾಲು ಸಾಸ್‌ಗಳು ಬಾಟಲಿಯಿಂದಲೇ ಬಂದಿರುವ ಸಂಭವ ಹೆಚ್ಚು. ಅನ್ನದ ಜೊತೆಯ ಕರಿ, ಸಲಾಡ್‌ಗಳನ್ನು ಮೇಜಿನ ನಡುವೆ ಇಟ್ಟು ಎಲ್ಲರೂ ಹಂಚಿಕೊಳ್ಳುವುದು ಥಾಯ್ ರೂಢಿಯಾದರೂ, ವಿಯೆಟ್ನಾಮಿನ ‘ಫೋ’ದಂತಹ ನೂಡಲ್ಸ್ ಸೂಪನ್ನು ಹಾಗೆ ಹಂಚಿಕೊಳ್ಳಲಾಗದು; ಮೂಳೆ, ಚಕ್ರಮೊಗ್ಗು, ಚಕ್ಕೆ, ಸುಟ್ಟ ಶುಂಠಿ ಈರುಳ್ಳಿಗಳನ್ನು ಗಂಟೆಗಟ್ಟಲೆ ಕುದಿಸಿ ಬಸಿದ ಆ ಸೂಪನ್ನು ನೂಡಲ್ಸ್ ನಿಮಿಷಗಳಲ್ಲೇ ಹೀರಿ ಊದಿಕೊಳ್ಳುವುದರಿಂದ, ಉಳಿದವರ ತಟ್ಟೆಗೆ ಕಾಯದೆ, ಛಾಯಾಚಿತ್ರಕ್ಕೂ ಕಾಯದೆ, ಬಂದ ಕೂಡಲೇ ಬಿಸಿಬಿಸಿಯಾಗಿ ಉಣ್ಣಬೇಕು.