ತಾತನ ವಾಚಿಗೆ ಸೆಲ್ ಹಾಕಿದ್ದು



ನಮ್ಮ ತಾತನ ಕೈಯಲ್ಲಿರುವ ಕಪ್ಪು ವಾಚನ್ನು ನೀವೆಲ್ಲ ನೋಡಿದ್ದೀರಿ. ಕ್ಯಾಸಿಯೋ ಎಫ್-91ಡಬ್ಲ್ಯೂ ಅಂತ ಅದರ ಹೆಸರು. ಈ ಮಾದರಿ 1989ರಲ್ಲಿ ಬಂದದ್ದು. ರಾತ್ರಿ ಪಾಳಿಯಲ್ಲಿ ಪಂಪ್‌ಸೆಟ್‌ಗೆ ಕರೆಂಟು ಕೊಟ್ಟಾಗ ತಾತ ಎದ್ದು ನೀರು ಹಾಯಿಸಬೇಕು. ಅವರನ್ನು ಎಬ್ಬಿಸುವುದು ಈ ವಾಚಿನ ಅಲಾರಂ. ಮೊಬೈಲು ಕೊಟ್ಟರೆ ಬೇಡ ಅಂತಾರೆ.

ಹೋದ ತಿಂಗಳು ಅಂಕಿಗಳು ಮಸುಕಾಗಿ, ಕೊನೆಗೆ ಪೂರ್ತಿ ಮಾಯವಾದವು. ಎರಡು ರಾತ್ರಿ ತಾತ ನಿದ್ದೆ ಮಾಡದೆ ಜಗಲಿ ಮೇಲೆ ಕೂತಿದ್ದರು. ಪೇಟೆಯ ಒಂದು ಅಂಗಡಿಯವನು "ಇದು ಹೋಯ್ತು, ಹೊಸದು ತಗೊಳ್ಳಿ" ಅಂದನಂತೆ. ನನಗೆ ಸಿಟ್ಟು ಬಂತು. ನಾನೇ ಬಿಚ್ಚುತ್ತೇನೆ ಅಂದೆ. "ಕೆಟ್ಟಿದ್ದು ಇನ್ನೇನು ಕೆಡುತ್ತೆ, ಬಿಚ್ಚು ಮಗಾ" ಅಂದರು ತಾತ.

ಇದಕ್ಕೆ ಬೇಕಾದ ಸೆಲ್ ಸಿಆರ್ 2016, ಮೂರು ವೋಲ್ಟು. ಈ ನಂಬರಿನಲ್ಲೇ ಅಳತೆ ಇದೆ. 20 ಅಂದರೆ ಅಗಲ 20 ಮಿ.ಮೀ., 16 ಅಂದರೆ ದಪ್ಪ 1.6 ಮಿ.ಮೀ. ನನಗೆ ಮೊದಲು 2025 ಕೊಟ್ಟಿದ್ದರು. ಅಗಲ ಅಷ್ಟೇ, ಆದರೆ ದಪ್ಪ 2.5 ಮಿ.ಮೀ. ವಾಪಸ್ ಕೊಟ್ಟು ಬದಲಾಯಿಸಿಕೊಂಡು ಬಂದೆ.

ಚಾಪೆ ಮೇಲೆ ಕೂತು ಹಿಂಬದಿಯ ನಾಲ್ಕು ಸ್ಕ್ರೂ ಬಿಚ್ಚಿದೆ. ಸಾಸಿವೆ ಕಾಳಿನಷ್ಟಿವೆ, ಒಂದು ತಟ್ಟೆಯಲ್ಲಿ ಹಾಕಿಟ್ಟುಕೊಳ್ಳಿ. ಮುಚ್ಚಳದ ಸುತ್ತ ತೆಳು ರಬ್ಬರ್ ಉಂಗುರ ಇರುತ್ತೆ. ನೀರು ತಡೆಯುವುದು ಅದೇ, ಹರಿಯಬಾರದು. ಸೆಲ್ಲನ್ನು ಒಂದು ಲೋಹದ ಪಟ್ಟಿ ಹಿಡಿದಿರುತ್ತೆ. ಪಟ್ಟಿಯ ಕೊಕ್ಕೆಯನ್ನು ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಸರಿಸಿದರೆ ಸೆಲ್ ಮೇಲೆ ಬರುತ್ತೆ. ಹೊಸದನ್ನು + ಗುರುತು ನಮಗೆ ಕಾಣುವ ಹಾಗೆ ಇಟ್ಟು ಕೊಕ್ಕೆ ಹಾಕಿದೆ.

ಅಂಕಿ ಬರಲೇ ಇಲ್ಲ! ನನ್ನ ಎದೆ ಧಸಕ್ಕೆಂದಿತು. ತಾತ ಏನೂ ಮಾತಾಡಲಿಲ್ಲ, ಅದೇ ಇನ್ನೂ ಕಷ್ಟವಾಯ್ತು. ಆಮೇಲೆ ಟಾರ್ಚ್ ಹಾಕಿ ನೋಡಿದರೆ ಒಳಗೆ ಎ.ಸಿ. ಅಂತ ಬರೆದ ಒಂದು ಪುಟ್ಟ ಜಾಗ ಕಂಡಿತು. ಅದು ವಾಚಿನ ನೆನಪನ್ನೆಲ್ಲ ಅಳಿಸಿ ಮೊದಲಿನಿಂದ ಶುರು ಮಾಡಿಸುವ ಜಾಗ. ಅಲ್ಲಿಗೂ ಸೆಲ್ಲಿನ + ಮೈಗೂ ಒಟ್ಟಿಗೆ ತಾಗುವಂತೆ ಒಂದು ಪಿನ್ನನ್ನು ಎರಡು ಸೆಕೆಂಡು ಹಿಡಿದೆ. ಅಂಕಿ ಬಂತು!

ಮುಚ್ಚಿದ ಮೇಲೆ ಟೈಮು ಓಡುತ್ತಿತ್ತು, ಅಲಾರಂ ಮಾತ್ರ ಕೂಗಲಿಲ್ಲ. ಮತ್ತೆ ಬಿಚ್ಚಿದೆ. ಸದ್ದು ಮಾಡುವ ಬಿಲ್ಲೆ ಮುಚ್ಚಳದ ಒಳಮೈಯಲ್ಲಿದೆ. ಅದಕ್ಕೆ ಕರೆಂಟು ಮುಟ್ಟಿಸಲು ಕೂದಲೆಳೆಯಂಥ ಒಂದು ಸ್ಪ್ರಿಂಗು ಇರಬೇಕು, ಅದೇ ಇಲ್ಲ. ಅಜ್ಜಿ, ಅಕ್ಕ, ನಾನು ಚಾಪೆಯ ಒಂದೊಂದು ಎಳೆ ಸರಿಸಿ ಹುಡುಕಿದೆವು. ಅಜ್ಜಿಗೇ ಸಿಕ್ಕಿತು, ಕನ್ನಡಕವಿಲ್ಲದೆ! ಆದ್ದರಿಂದ ಬಿಚ್ಚುವಾಗ ಬಿಳಿ ಬಟ್ಟೆ ಹಾಸಿಕೊಳ್ಳಿ.

ಇನ್ನೊಂದು ಮಾತು. ಈ ಗಲಾಟೆಯಲ್ಲಿ ಹಳೇ ಸೆಲ್ ಚಾಪೆ ಮೇಲೇ ಇತ್ತು. ಒಂದೂವರೆ ವರ್ಷದ ನಮ್ಮ ತಮ್ಮ ಅದನ್ನು ಬಾಯಿಗೆ ಹಾಕಲಿದ್ದ, ಅಕ್ಕ ಕಿತ್ತುಕೊಂಡಳು. ಖಾಲಿಯಾದ ಸೆಲ್ಲಿನಲ್ಲೂ ಸ್ವಲ್ಪ ಶಕ್ತಿ ಉಳಿದಿರುತ್ತೆ. ನುಂಗಿ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯವಾಗಬಹುದು. ನುಂಗಿದ್ದಾರೆ ಅಂತ ಅನುಮಾನ ಬಂದರೂ ಸಾಕು, ಕಾಯದೆ ದೊಡ್ಡಾಸ್ಪತ್ರೆಗೆ ಓಡಬೇಕು. ಹಳೇ ಸೆಲ್ಲಿಗೆ ಎರಡೂ ಕಡೆ ಟೇಪು ಸುತ್ತಿ ಎತ್ತರದಲ್ಲಿಡಿ.

ಟೈಮು ಹೊಂದಿಸಲು ಎಡಗಡೆ ಕೆಳಗಿನ ಗುಂಡಿ ಮೂರು ಸಲ ಒತ್ತಬೇಕು. ಈ ವಾಚಿಗೆ ಇಸವಿ ಗೊತ್ತಿಲ್ಲ, ಫೆಬ್ರವರಿಗೆ ಯಾವಾಗಲೂ 28 ದಿನವೇ. 2028ರಲ್ಲಿ ತಾರೀಖನ್ನು ನಾವೇ ತಿದ್ದಬೇಕು.

ಅವತ್ತು ರಾತ್ರಿ ಎರಡಕ್ಕೆ ಅಲಾರಂ ಕೂಗಿತು. ತಾತನ ಜೊತೆ ನಾನೂ ಎದ್ದು ಗದ್ದೆಗೆ ಹೋದೆ.

ಸ್ಪ್ರಿಂಗು ಇರುವ ಜಾಗದ ಚಿತ್ರ ಪಕ್ಕದಲ್ಲಿ ಬರೆದಿದ್ದೇನೆ. ಸಣ್ಣ ಸ್ಕ್ರೂಡ್ರೈವರ್ ಬೇಕಾದವರು ಶನಿವಾರದೊಳಗೆ ಕೇಳಿ, ಅದು ಮೊಬೈಲ್ ಅಂಗಡಿ ಅಣ್ಣನದು, ಸೋಮವಾರ ವಾಪಸ್ ಕೊಡಬೇಕು.

— 9ನೇ ತರಗತಿ